ನಿಲ್ಲಿಸಿದ ಕ್ಯೂನಲ್ಲಿ ಇಣುಕಬಾರದು

ನಮ್ಮ ಆಫೀಸಿನಲ್ಲಿ ಆಕೆಯನ್ನು ಎದುರಿಗೆ ಮೇಡಂ ಎಂದೂ ಬೆನ್ನ ಹಿಂದೆ ಇಣುಕಮ್ಮ ಎಂದೂ ಕರೆಯುತ್ತಿದ್ದೆವು. ಈ ಹೆಸರಿಟ್ಟವನು ನಾನೇ ಎಂದು ಕೆಲವರು ಹೇಳುತ್ತಾರೆ. ಹೇಳಿಕೊಳ್ಳಲಿ. ಆಕೆಗೆ ಗೊತ್ತಿತ್ತು ಅನ್ನಿಸುತ್ತದೆ, ಆದರೆ ಒಂದು ದಿನವೂ ತುಟಿಪಿಟಕ್ಕೆನ್ನಲಿಲ್ಲ. ತಮಾಷೆ ಏನೆಂದರೆ, ಆಕೆ ಕೆಲಸಕ್ಕೆ ಸೇರಿದಾಗಿನಿಂದ ಎಲ್ಲರಿಗೂ ಹೇಳುತ್ತ ಬಂದದ್ದು ಇಣುಕಬೇಡಿ ಎಂದೇ.

ನಾವು ಮಾಡುತ್ತಿದ್ದದ್ದು ಲಿಫ್ಟ್‌ಗಳ ಒಳಗೆ ಕೂರಿಸುವ ಮಾತಿನ ಪೆಟ್ಟಿಗೆ. ಲಿಫ್ಟ್ ಮಧ್ಯದಲ್ಲಿ ಕೆಟ್ಟು ನಿಂತರೆ ಒಳಗಿದ್ದವರು ಕೆಂಪು ಗುಂಡಿ ಒತ್ತಿ ಹೊರಗಿನವರನ್ನು ಕರೆಯಬಹುದು. ಪೆಟ್ಟಿಗೆಯಲ್ಲಿ ಒಂದು ನೆಟ್‌ವರ್ಕ್ ಕಾರ್ಡು ಇರುತ್ತದೆ. ಆ ಕಾರ್ಡಿಗೂ ಉಳಿದ ಯಂತ್ರಕ್ಕೂ ಹೊಂದಾಣಿಕೆ ಮಾಡಿಸುವ ಸಾಫ್ಟ್‌ವೇರಿಗೆ ಡ್ರೈವರ್ ಎನ್ನುತ್ತಾರೆ. ಅದನ್ನು ಬರೆಯುವುದು ಇಣುಕಮ್ಮನ ಕೆಲಸ. ಪಕ್ಕದ ಮನೆಯಾಕೆ ಒಮ್ಮೆ, "ನೀವು ಡ್ರೈವರ್ ಅಂತಲ್ಲಾ, ಮಗಳ ಮದುವೆಗೆ ಗಾಡಿ ಬಿಡ್ತೀರಾ?" ಎಂದು ಕೇಳಿದ್ದರಂತೆ. "ಬಿಡ್ತೀನಿ, ಬ್ರೇಕ್ ಹಾಕೋದು ಮಾತ್ರ ಗೊತ್ತಿಲ್ಲ" ಎಂದರಂತೆ ಈಕೆ. ಮುಖದಲ್ಲಿ ನಗು ಇಲ್ಲದೆ ಹೀಗೆ ಹೇಳುವುದು ಆಕೆಯ ಅಭ್ಯಾಸ. ನನ್ನ ಕೆಲಸ ಪರೀಕ್ಷೆ ಮಾಡುವುದು, ಅಂದರೆ ಇನ್ನೊಬ್ಬರು ಕಷ್ಟಪಟ್ಟು ಕಟ್ಟಿದ್ದನ್ನು ಕೆಡವಿ ತೋರಿಸುವುದು. ಹೊಟ್ಟೆಪಾಡು. ಹಾಗಾಗಿ ನನಗೂ ಆಕೆಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಇಣುಕುವುದು ಎಂದರೇನು ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ತಂತಿಯ ಮೇಲೆ ಮಾತು ಚೂರುಚೂರಾಗಿ ಬರುತ್ತದೆ. ಕಾರ್ಡು ಆ ಚೂರುಗಳನ್ನು ಸಾಲಾಗಿರುವ ಡಬ್ಬಿಗಳಲ್ಲಿ ತುಂಬಿ, ತುಂಬಿದ ಡಬ್ಬಿಯ ಮೇಲೆ ಒಂದು ಗುರುತು ಇಡುತ್ತದೆ. ಕೊನೆಯ ಡಬ್ಬಿ ತುಂಬಿದರೆ ಮತ್ತೆ ಮೊದಲಿನಿಂದ ಶುರು. ಇದೇ ಕ್ಯೂ. ಸಾಫ್ಟ್‌ವೇರು ಸುತ್ತು ಹಾಕುತ್ತಾ ಬಂದು, ಡಬ್ಬಿ ಇಣುಕಿ, ಗುರುತು ಕಂಡರೆ ಒಳಗಿದ್ದದ್ದನ್ನು ನಕಲು ಮಾಡಿ ಒಯ್ಯುತ್ತದೆ, ಡಬ್ಬಿ ಖಾಲಿಯಾಗುವುದಿಲ್ಲ. ಇದನ್ನು ಪೋಲಿಂಗ್ ಎನ್ನುತ್ತಾರೆ, ಆಕೆ ಇಣುಕುವುದು ಎನ್ನುತ್ತಿದ್ದರು. ಕ್ಯೂ ನಿಲ್ಲಿಸಿದಾಗ ಕಾರ್ಡು ಹೊಸದನ್ನು ಹಾಕುವುದಿಲ್ಲ, ಹಳೆಯ ಗುರುತನ್ನು ಅಳಿಸುವುದೂ ಇಲ್ಲ. ಡಬ್ಬಿಗಳು ಇದ್ದ ಹಾಗೇ ಇರುತ್ತವೆ. ಆಗ ಯಾರಾದರೂ ಬಂದು ಇಣುಕಿದರೋ, ಯಾವತ್ತೋ ಹಳಸಿದ್ದು ಈಗತಾನೇ ಮಾಡಿದ್ದು ಎಂಬಂತೆ ಕೈಗೆ ಬರುತ್ತದೆ.

"ನಿಂತ ಕ್ಯೂನಲ್ಲಿ ಇಣುಕಿದರೆ ಏನೂ ಇಲ್ಲ ಅಂತ ನಿಮ್ಮ ಡ್ರೈವರೇ ಹೇಳಬಹುದಲ್ಲ ಮೇಡಂ?" ಎಂದು ನಾನು ಕೇಳಿದ್ದುಂಟು.

"ಪ್ರತಿ ಸಲ ನಿಂತಿದ್ಯಾ, ನಿಂತಿದ್ಯಾ ಅಂತ ನೋಡ್ತಾ ಕೂತರೆ ಕೆಲಸ ಆಗೋದು ಯಾವಾಗ? ನಿಂತಿದೆ ಅಂತ ಗೊತ್ತಿದ್ದ ಮೇಲೆ ಇಣುಕಬಾರದು. ಇಣುಕೋನಿಗೆ ಬುದ್ಧಿ ಇರಬೇಕು ಕಣೋ."

ತಪ್ಪು ಎನ್ನುವ ಹಾಗಿರಲಿಲ್ಲ. ಚೂರುಗಳು ಮಳೆಯ ಹಾಗೆ ಬರುವಾಗ ಪ್ರತಿ ಚೂರಿಗೂ ಒಂದು ಪ್ರಶ್ನೆ ಕೇಳುತ್ತಾ ಕೂತರೆ ಮಾತು ತೊದಲುತ್ತದೆ.

ಇಣುಕಮ್ಮ ಮದುವೆಯಾಗಲಿಲ್ಲ. ಅಕ್ಕ ಭಾವನ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿದ್ದರು. ಭಾವನೂ ನಮ್ಮ ಆಫೀಸಿನವರೇ. ತಯಾರಾದ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು, ಅದರೊಳಗೆ ಮಾತಾಡಿ, ಸರಿ ಇದೆ ಎಂದು ಒಪ್ಪುವುದು ಅವರ ಕೆಲಸ. ಆಕೆ ಭಾವ ಎಂದು ಕರೆಯುತ್ತಿದ್ದದ್ದು ಕೇಳಿ ಕೇಳಿ ಇಡೀ ಆಫೀಸಿಗೆ ಅವರು ಭಾವನೇ ಆಗಿದ್ದರು. ಮ್ಯಾನೇಜರು ಕೂಡ "ಭಾವ ಎಲ್ಲಿ?" ಎಂದೇ ವಿಚಾರಿಸುತ್ತಿದ್ದರು. ಉದ್ದನೆಯ, ಸ್ವಲ್ಪ ಬಾಗಿದ ಆಳು. ದಿನವೆಲ್ಲ ಪೆಟ್ಟಿಗೆಗಳಿಗೆ ಅದೇ ಮಾತು: "ಹಲೋ? ಕೇಳಿಸ್ತಿದ್ಯಾ? ಇಲ್ಲೇ ಇದ್ದೀನಿ. ಬಂದೆ, ಇರಿ." ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ಮೊದಲು ಕೇಳಬೇಕಾದ ಮಾತು ಅದೇ ಎಂದು ಅವರ ಲೆಕ್ಕ. ನಡುವೆ ಚಹಾದ ಲೋಟದಲ್ಲಿ ಚಮಚ ಆಡಿಸುವ ಸದ್ದು.

ಅವರ ಬೆಂಚಿಗೆ ಎರಡು ಲೈನು ಇದ್ದವು, ಕಟ್ಟಡಗಳಲ್ಲಿ ವಾಚ್‌ಮನ್‌ಗೊಂದು, ರಿಪೇರಿ ಆಫೀಸಿಗೊಂದು ಇರುವ ಹಾಗೆಯೇ. ಒಂದು ಅವರದು, ಅವರ ಮಾತು ಪೆಟ್ಟಿಗೆಗೆ ಹೋಗುತ್ತಿದ್ದದ್ದು ಅದರಲ್ಲೇ. ಇನ್ನೊಂದು ಇಣುಕಮ್ಮನ ಮೇಜಿನ ಫೋನಿಗೆ ಹೋಗುತ್ತಿತ್ತು. ಊಟಕ್ಕೆ ಏಳುವಾಗ ಭಾವ ತಮ್ಮ ಲೈನು, ಅಂದರೆ ಅದರ ಕ್ಯೂ, ನಿಲ್ಲಿಸುತ್ತಿದ್ದರು. ಆಗ ಕೆಂಪು ಗುಂಡಿ ಒತ್ತಿದರೆ ಆಕೆಯ ಫೋನು ಹೊಡೆದುಕೊಳ್ಳಬೇಕು.

"ನಿಮ್ಮ ಊಟ ಮುಗಿಯೋವರೆಗೆ ನಾನು ವಾಚ್‌ಮನ್ ಆಗಬೇಕಾ ಭಾವ?"

"ಆಗು ತಾಯಿ. ನಿನ್ನ ಅಕ್ಕ ಕಟ್ಟಿಕೊಟ್ಟ ಡಬ್ಬಿ, ಬಿಸಿ ಆರಿದರೆ ನನಗೇ ಬೈಗುಳ."

ನಮ್ಮಲ್ಲಿ ಇನ್ನೊಂದು ಪದ್ಧತಿ. ಯಾರು ಯಂತ್ರ ಚಾಲೂ ಮಾಡುತ್ತಾರೋ ಅವರು ತಮ್ಮ ಬಣ್ಣದ ಚೀಟಿಯನ್ನು ಅದರ ಸ್ವಿಚ್ಚಿಗೆ ಕಟ್ಟುತ್ತಾರೆ. ಕಟ್ಟಿದವರೇ ಬಿಚ್ಚಬೇಕು. ಚೀಟಿ ಇರುವವರೆಗೆ ಬೇರೆ ಯಾರೂ, ಮ್ಯಾನೇಜರೂ, ಆ ಸ್ವಿಚ್ಚಿಗೆ ಕೈ ಹಚ್ಚುವಂತಿಲ್ಲ. ಭಾವನದು ಹಳದಿ ಚೀಟಿ.

ಭಾವ ಒಂದು ಮಧ್ಯಾಹ್ನ ಲೈನು ನಿಲ್ಲಿಸಿ, ಡಬ್ಬಿ ಹಿಡಿದುಕೊಂಡು, ಬಿಸಿಲು ಕಾಯಿಸುತ್ತಾ ಊಟ ಮಾಡುತ್ತೇನೆಂದು ಎದುರಿನ ಬಸ್ ಸ್ಟಾಪಿಗೆ ಹೋದರು. ಅಲ್ಲಿಯ ಬೆಂಚಿನ ಮೇಲೆ ಕೂತವರು ಏಳಲಿಲ್ಲ. ಎದೆಬಡಿತ ನಿಂತುಹೋಗಿತ್ತು. ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ.

ಆಮೇಲೆ ಆಫೀಸಿನಲ್ಲಿ ಅವರ ಬೆಂಚಿನ ಹತ್ತಿರ ಯಾರೂ ಸುಳಿಯಲಿಲ್ಲ. ಹಳದಿ ಚೀಟಿ ಸ್ವಿಚ್ಚಿನಲ್ಲೇ ತೂಗುತ್ತಿತ್ತು. ಸತ್ತವರ ಚೀಟಿ ಯಾರು ಬಿಚ್ಚಬೇಕು ಎಂದು ನಿಯಮದಲ್ಲಿ ಬರೆದಿರಲಿಲ್ಲ, ಕೇಳುವುದಕ್ಕೆ ಯಾರಿಗೂ ಬಾಯಿ ಬರಲಿಲ್ಲ. ಪೆಟ್ಟಿಗೆ ಚಾಲೂ ಇತ್ತು, ಅದರ ಸಣ್ಣ ಹಸಿರು ದೀಪ ಉರಿಯುತ್ತಲೇ ಇತ್ತು. ನಾನು ಆ ಕಡೆ ಬೆನ್ನು ಮಾಡಿ ಕೂರುತ್ತಿದ್ದೆ. ಹಾಗೆ ಕೂತರೆ ಇನ್ನೂ ಹೆಚ್ಚು ಭಯವಾಗುತ್ತಿತ್ತು, ಅದು ಬೇರೆ ವಿಷಯ. ಊಟದ ಹೊತ್ತಿಗೆ ಇಣುಕಮ್ಮ ಒಮ್ಮೊಮ್ಮೆ ತಮ್ಮ ಮೇಜಿನ ಫೋನನ್ನೇ ನೋಡುತ್ತಾ ಕೂರುತ್ತಿದ್ದರು. ಅದು ಒಂದು ಸಲವೂ ಹೊಡೆದುಕೊಳ್ಳಲಿಲ್ಲ.

ಮನೆಯಲ್ಲಿ ಅಕ್ಕನ ಸ್ಥಿತಿ ಇದಕ್ಕಿಂತ ಕಷ್ಟದ್ದು. ಅಡಿಗೆಮನೆಯಲ್ಲಿ ನಿಂತು ಅವರು ಗಂಡನ ನಂಬರಿಗೆ ಫೋನು ಮಾಡುತ್ತಿದ್ದರಂತೆ. ಆ ಫೋನು ಮಲಗುವ ಕೋಣೆಯ ಕಪಾಟಿನಲ್ಲಿ ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಗುವುದು, ಇವರು ಮತ್ತೆ ಮಾಡುವುದು. ಮಹಡಿಯ ಮೇಲೆ ಇಣುಕಮ್ಮ ಎರಡು ಕಿವಿಯನ್ನೂ ಮುಚ್ಚಿಕೊಳ್ಳುತ್ತಿದ್ದರು.

"ಮಾಡಬೇಡ ಅಕ್ಕ, ಸುಮ್ನೆ ಯಾಕೆ ಹೊಟ್ಟೆ ಉರಿಸ್ಕೋತೀಯ" ಎಂದು ಬೈದದ್ದನ್ನು ಇಣುಕಮ್ಮ ನನಗೆ ಹೇಳಿದರು. "ನಿಂತಿದ್ದು ನಿಂತುಹೋಯ್ತು. ಅದರೊಳಗೆ ಏನು ಇಣುಕೋದು?" ಆಫೀಸಿನ ನಿಯಮವೇ ಮನೆಗೂ.

ಹೀಗಿರುವಾಗ ಆ ದೂರು ಬಂತು. ಒಂದು ಕಟ್ಟಡದ ಲಿಫ್ಟಿನಲ್ಲಿ ದೆವ್ವ ಮಾತಾಡುತ್ತದೆ. ಕೆಟ್ಟು ನಿಂತ ಲಿಫ್ಟಿನಲ್ಲಿ ಹೆಂಗಸೊಬ್ಬಳು ಗುಂಡಿ ಒತ್ತಿದಾಗ ವಾಚ್‌ಮನ್ ದನಿ ಕೇಳಿತಂತೆ, ಆದರೆ ವಾಚ್‌ಮನ್ ಆ ಹೊತ್ತಿಗೆ ಬೀದಿಯ ಆಚೆ ತುದಿಯಲ್ಲಿ ಊಟ ಮಾಡುತ್ತಿದ್ದನಂತೆ. ಆಫೀಸಿನಲ್ಲಿ ನಕ್ಕವರೇ ನಕ್ಕವರು. ಇಣುಕಮ್ಮ ನಗಲಿಲ್ಲ. ಬ್ಯಾಗು ತೆಗೆದುಕೊಂಡು ನನಗೆ "ನಡಿ" ಎಂದರು.

ಆ ಹೆಂಗಸು ಮೇಲಿನ ಮಹಡಿಯಲ್ಲಿ ಹೊಲಿಗೆ ಮಾಡಿಕೊಂಡಿದ್ದಾಕೆ. ಬಾಗಿಲು ತೆಗೆದಾಗಲೂ ಕತ್ತಿನಲ್ಲಿ ಅಳತೆಯ ಟೇಪು ಇತ್ತು. ಉಬ್ಬಸದ ರೋಗಿ, ಮಾತಿನ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಲಿಫ್ಟಿನಲ್ಲಿ ಸಿಕ್ಕಿಕೊಂಡ ದಿನ ಆಸ್ಪತ್ರೆಗೆ ಸೇರಿಸಬೇಕಾಯಿತಂತೆ.

"ಗುಂಡಿ ಒತ್ತಿದ ತಕ್ಷಣ, ಬಂದೆ ಬಂದೆ, ಅಂದ್ರು. ಸರಿ ಅಂತ ಕೂತೆ. ಬರಲಿಲ್ಲ. ಮತ್ತೆ ಒತ್ತಿದೆ. ಮತ್ತೆ ಬಂದೆ ಬಂದೆ. ಅದೇ ರಾಗ."

"ಕೂಗಲಿಲ್ವಾ ನೀವು? ಬಾಗಿಲು ಬಡೀಲಿಲ್ವಾ?" ಎಂದರು ಇಣುಕಮ್ಮ.

"ಯಾರೂ ಮಾತಾಡದೇ ಇದ್ದಿದ್ರೆ ಕೂಗ್ತಿದ್ದೆ. ಬಾಗಿಲು ಒಡೀತಿದ್ದೆ. ಬರ್ತೀನಿ ಅಂತಿದ್ದಾರಲ್ಲ, ಸುಮ್ನೆ ಕೂಗಿ ಉಸಿರು ಯಾಕೆ ಹಾಳು ಮಾಡ್ಲಿ ಅಂತ ಕಾದೆ. ಕಾದೂ ಕಾದೂ ಕಣ್ಣು ಕತ್ತಲೆ ಬಂತು."

ಇಣುಕಮ್ಮ ಮೆಟ್ಟಿಲನ್ನು ಕಂಬಿ ಹಿಡಿದುಕೊಂಡು ಇಳಿದರು. ಏನಾಗಿತ್ತು ಎಂಬುದು ನಮ್ಮಿಬ್ಬರಿಗೂ ತಿಳಿದಿತ್ತು. ವಾಚ್‌ಮನ್ ಊಟಕ್ಕೆ ಹೋಗುವಾಗ ಲೈನು ನಿಲ್ಲಿಸಿದ್ದ, ಅದು ಅವನು ಮಾಡಬೇಕಾದದ್ದೇ. ಕರೆ ಆಗ ರಿಪೇರಿ ಆಫೀಸಿನ ಲೈನಿಗೆ ಹೋಗಬೇಕಿತ್ತು. ಆದರೆ ಸುತ್ತು ಹಾಕುವ ಸಾಫ್ಟ್‌ವೇರು ನಿಂತ ಕ್ಯೂನಲ್ಲೂ ಇಣುಕಿತು. ಅಲ್ಲಿ ವಾಚ್‌ಮನ್ ಹಿಂದೆ ಯಾವಾಗಲೋ ಆಡಿದ ಮಾತಿನ ಚೂರುಗಳು ಬಿದ್ದಿದ್ದವು. ಯಾರೋ ಉತ್ತರ ಕೊಟ್ಟರು ಎಂದುಕೊಂಡು ಇನ್ನೊಂದು ಲೈನಿನ ಗೊಡವೆಗೇ ಅದು ಹೋಗಲಿಲ್ಲ.

ಇಣುಕಮ್ಮ ಆಫೀಸಿಗೆ ಬಂದವರೇ ನೆಟ್ಟಗೆ ಭಾವನ ಬೆಂಚಿನ ಮುಂದೆ ಹೋಗಿ ನಿಂತರು. ಆಗ ನನಗೂ ಹೊಳೆಯಿತು. ಅದೇ ಸಾಫ್ಟ್‌ವೇರು, ಅದೇ ಎರಡು ಲೈನು. ಭಾವ ತಮ್ಮ ಲೈನು ನಿಲ್ಲಿಸಿ ಎದ್ದುಹೋಗಿದ್ದರು. ಆಮೇಲೆ ಪೆಟ್ಟಿಗೆ ಆರಿಸಿದವರಿಲ್ಲ.

"ಬೇಡ ಮೇಡಂ" ಎಂದೆ.

ಆಕೆ ಕೆಂಪು ಗುಂಡಿ ಒತ್ತಿದರು.

"...ದ್ದೀನಿ. ಬಂದೆ, ಇರಿ." ಚಮಚದ ಸದ್ದು. ಸಣ್ಣ ಕೆಮ್ಮು. "ಹಲೋ? ಕೇಳಿಸ್ತಿದ್ಯಾ? ಇಲ್ಲೇ ಇ..."

ಮಾತು ಎಲ್ಲಿ ಕಡಿಯಿತೋ ಅಲ್ಲಿಂದಲೇ ಮತ್ತೆ ಶುರುವಾಯಿತು. "...ದ್ದೀನಿ. ಬಂದೆ, ಇರಿ." ನಟ್ಟನಡು ಮಧ್ಯಾಹ್ನ, ಕಿಟಕಿಯಲ್ಲಿ ಕಣ್ಣು ಚುಚ್ಚುವ ಬಿಸಿಲು, ಆಚೆ ಯಾರೋ ನಗುತ್ತಿದ್ದಾರೆ, ನಾನು ಮಾತ್ರ ಎರಡು ಹೆಜ್ಜೆ ಹಿಂದೆ ಸರಿದೆ. ಯಾಕೆ ಹೀಗಾಗುತ್ತದೆ ಎಂದು ಎಳೆ ಎಳೆಯಾಗಿ ಬಲ್ಲವನು ನಾನು. ಬಲ್ಲವನಾಗಿದ್ದರಿಂದ ಹೆದರಿಕೆ ಏನೂ ಕಮ್ಮಿಯಾಗಲಿಲ್ಲ. ಇಣುಕಮ್ಮ ಗುಂಡಿಯ ಮೇಲಿನ ಬೆರಳು ತೆಗೆಯಲಿಲ್ಲ. "ಭಾವ" ಎಂದರು, ಬಹಳ ಸಣ್ಣ ದನಿಯಲ್ಲಿ.

ಅಕ್ಕನಿಗೆ ಹೇಳಬೇಡಿ ಎಂದು ನಾನು ಕೈ ಮುಗಿದು ಕೇಳಿಕೊಂಡೆ. "ಅವಳ ಗಂಡನ ದನಿ. ಮುಚ್ಚಿಡೋಕೆ ನಾನ್ಯಾರು?" ಎಂದವರೇ ಅಕ್ಕನಿಗೆ ಹೇಳಿಯೇಬಿಟ್ಟರು. ಮರುದಿನದಿಂದ ಅಕ್ಕ ಮಧ್ಯಾಹ್ನದ ಹೊತ್ತಿಗೆ ಬರತೊಡಗಿದರು. ಬೆಂಚಿನ ಮುಂದಿನ ಸ್ಟೂಲಿನ ಮೇಲೆ ಕೂತು, ಸೆರಗು ಸರಿ ಮಾಡಿಕೊಂಡು, ಗುಂಡಿ ಒತ್ತಿ, "ಇದ್ದೀರಾ?" ಎನ್ನುವರು. "...ದ್ದೀನಿ. ಬಂದೆ, ಇರಿ." ಮನೆಯ ನಲ್ಲಿ ಸೋರುವುದು, ಮೊಮ್ಮಗಳಿಗೆ ಹಲ್ಲು ಬಂದದ್ದು, ಎಲ್ಲ ಹೇಳುವರು. ಎಲ್ಲದಕ್ಕೂ ಅದೇ ಉತ್ತರ. ಕೇಳುತ್ತಾ ಕೂತ ನಮ್ಮ ಮೈಯಲ್ಲಿ ಮುಳ್ಳು ಏಳುತ್ತಿತ್ತು. ಕೆಲವು ಹುಡುಗಿಯರು ಜಾಗ ಬದಲಾಯಿಸಿಕೊಂಡರು.

ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ಆ ದನಿಯನ್ನು ರೆಕಾರ್ಡ್ ಮಾಡಿ ಅಕ್ಕನ ಫೋನಿಗೆ ಹಾಕಿಕೊಟ್ಟೆ. ಒಮ್ಮೆ ಕೇಳಿ ವಾಪಸ್ಸು ಕೊಟ್ಟರು. "ಇದು ರೆಕಾರ್ಡು ಕಣಪ್ಪ. ಅಲ್ಲಾದ್ರೆ ನಾನು ಕರೆದಾಗ ಓ ಅಂತಾರೆ."

ಅಷ್ಟಕ್ಕೇ ನಿಂತಿದ್ದರೆ ಯಾರ ಗಂಟೇನು ಹೋಗುತ್ತಿತ್ತು? ಅಕ್ಕ ಇಲ್ಲಿಂದ ಎದ್ದು ಎದುರಿನ ಬಸ್ ಸ್ಟಾಪಿನಲ್ಲಿ ಹೋಗಿ ಕೂರತೊಡಗಿದರು, ಭಾವ ಕೂತಿದ್ದ ಜಾಗದಲ್ಲೇ, ತೊಡೆಯ ಮೇಲೆ ಊಟದ ಡಬ್ಬಿ ಇಟ್ಟುಕೊಂಡು. ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ಡಬ್ಬಿ ತೆಗೆಯುತ್ತಿರಲಿಲ್ಲ. ಸಂಜೆ ಇಣುಕಮ್ಮ ಕೈ ಹಿಡಿದು ಎಬ್ಬಿಸಿಕೊಂಡು ಹೋಗಬೇಕು. ಮದುವೆಯಾಗಿ ಹೋಗಿದ್ದ ಮಗಳು ಬಂದು ಕರೆದರೂ ಜೊತೆಗೆ ಹೋಗಲಿಲ್ಲ. ನೋಡನೋಡುತ್ತ ಆ ಹೆಂಗಸು ಕಡ್ಡಿಯಾದರು.

ಇತ್ತ ಇಣುಕಮ್ಮ ಡ್ರೈವರನ್ನು ತಿದ್ದಿ ಮುಗಿಸಿದ್ದರು. ನಾನು ಕೇಳಿದ್ದ ಹಾಗೆ ಪ್ರತಿ ಸಲ ಪ್ರಶ್ನೆ ಕೇಳುವುದಲ್ಲ, ಅದಕ್ಕಿಂತ ಜಾಣತನದ್ದು. ಕ್ಯೂ ನಿಲ್ಲಿಸುವಾಗಲೇ ಇಣುಕುವವನಿಗೆ ಮೊದಲು ತಿಳಿಸುವುದು, ಒಳಗೆ ಹಾಕಿದ ಕೈಯನ್ನು ಅವನು ತೆಗೆಯುವವರೆಗೆ ಕಾಯುವುದು, ಡಬ್ಬಿಗಳನ್ನೆಲ್ಲ ಖಾಲಿ ಮಾಡುವುದು, ಕೊನೆಗೆ ಬಾಗಿಲಲ್ಲಿ ಬೇರೆಯವನನ್ನು ಕೂರಿಸುವುದು. ಯಾರು ಬಂದು ಇಣುಕಿದರೂ "ಏನೂ ಇಲ್ಲ" ಎನ್ನುವುದೊಂದೇ ಈ ಹೊಸಬನ ಕೆಲಸ. ವೇಗಕ್ಕೆ ಎಳ್ಳಷ್ಟೂ ಧಕ್ಕೆಯಿಲ್ಲ.

"ಇಣುಕೋನಿಗೆ ಬುದ್ಧಿ ಇರಬೇಕು ಅಂತಿದ್ರಿ" ಎಂದು ಕೆಣಕಿದೆ.

"ಇಣುಕಬೇಡಿ ಅಂದರೆ ಯಾರು ಕೇಳ್ತಾರೋ? ಜೀವ ಇರೋರು ಇಣುಕೇ ಇಣುಕ್ತಾರೆ. ಸುಳ್ಳು ಸಿಗಬಾರದು, ಅಷ್ಟೇ." ನಾನು ಕಂಡ ಹಾಗೆ ಆಕೆ ತನ್ನ ನಿಯಮವನ್ನು ತಾನೇ ತಿದ್ದಿದ್ದು ಅದೊಂದು ಸಲ.

ಕಟ್ಟಡಗಳಿಗೆ ಕಳಿಸುವ ಮೊದಲು ಹೊಸ ಡ್ರೈವರನ್ನು ಎರಡು ಲೈನಿನ ಬೆಂಚಿನ ಮೇಲೆ ಪರೀಕ್ಷಿಸಬೇಕು. ಇದ್ದದ್ದು ಅದೊಂದೇ ಬೆಂಚು. ಪೆಟ್ಟಿಗೆ ಆರಿಸಿ ಹಚ್ಚಿದರೆ ಆ ದನಿ ಹೋಯಿತು, ಮತ್ತೆ ಬರುವುದಿಲ್ಲ. ಆರಿಸದೆ ಬಿಟ್ಟರೆ ಇನ್ನೊಬ್ಬಾಕೆ ಯಾವುದೋ ಲಿಫ್ಟಿನಲ್ಲಿ ಕಾಯುತ್ತಾ ಕೂರುತ್ತಾಳೆ.

"ಇನ್ನೊಂದು ಬೆಂಚು ಕಟ್ಟೋಣ ಮೇಡಂ. ಭಾನುವಾರವೂ ಬರ್ತೀನಿ" ಎಂದೆ. ಮನಸಾರೆ ಹೇಳಿದ್ದೆ.

ಆಕೆ ಕಿಟಕಿಯ ಕಡೆ ನೋಡಿದರು. ಬಸ್ ಸ್ಟಾಪಿನಲ್ಲಿ ಅಕ್ಕ ಕೂತಿದ್ದರು. "ಕಟ್ಟಬಹುದು. ಆಮೇಲೆ? ಅವಳು ಸಾಯೋವರೆಗೂ ಅಲ್ಲೇ ಕೂತಿರ್ತಾಳೆ."

ಮರುದಿನ ಅಕ್ಕ ಬಂದು ಸ್ಟೂಲಿನ ಮೇಲೆ ಕೂತಾಗ ಇಣುಕಮ್ಮ ಪಕ್ಕದಲ್ಲಿ ನಿಂತರು. ನಾನು ಎದ್ದು ಹೋಗಲು ಹೊರಟೆ, ಇರು ಎಂದು ಕೈಸನ್ನೆ ಮಾಡಿದರು.

"ಅಕ್ಕ, ಇದರೊಳಗೆ ಭಾವ ಇಲ್ಲ."

"ಗೊತ್ತು ಕಣೇ. ನನಗೇನು ಹುಚ್ಚಾ?"

"ಗೊತ್ತಿದ್ದೂ ಕಾಯ್ತೀಯಲ್ಲ."

"ಬಂದೆ, ಇರಿ ಅಂತಾರಲ್ಲೇ." ಅಕ್ಕ ಡಬ್ಬಿಯನ್ನು ಹತ್ತಿರ ಎಳೆದುಕೊಂಡರು. "ಅಷ್ಟು ಹೇಳಿದವರನ್ನ ಬಿಟ್ಟು ನಾನು ಹೇಗೆ ಎದ್ದು ಹೋಗಲಿ?"

ಇಣುಕಮ್ಮ ನೆಲದ ಮೇಲೆ, ಅಕ್ಕನ ಕಾಲ ಬಳಿ ಕೂತುಕೊಂಡರು. ಹೊಲಿಗೆಯಾಕೆಯ ವಿಷಯ ಹೇಳಿದರು. ಉಬ್ಬಸ, ಲಿಫ್ಟು, ಬಂದೆ ಬಂದೆ ಎಂಬ ದನಿ, ಕೂಗದೆ ಕಾದದ್ದು, ಒಂದನ್ನೂ ಬಿಡದೆ. ತಾನು ಬರೆದದ್ದರಿಂದಲೇ ಹಾಗಾಯಿತು ಎಂದೂ ಹೇಳಿದರು. ಅಕ್ಕ ತೊಡೆಯ ಮೇಲಿನ ಡಬ್ಬಿಯನ್ನೇ ನೋಡುತ್ತಿದ್ದರು.

"ಪಾಪ. ಬದುಕಿದ್ದಾಳಾ?"

"ಇದ್ದಾಳೆ."

ಅಕ್ಕ ಡಬ್ಬಿಯ ಮುಚ್ಚಳವನ್ನು ಸೆರಗಿನಿಂದ ಒರೆಸಿದರು.

"ಹೊಸದು ಹಾಕಿದ ಮೇಲೆ ನಾನು ಕರೆದರೆ ಏನಂತಾರೆ?"

"ಏನೂ ಅನ್ನಲ್ಲ ಅಕ್ಕ."

"ಕರೀಬಹುದಾ?"

"ಕರಿ. ಎಷ್ಟು ಸಲ ಬೇಕಾದರೂ ಕರಿ. ಇನ್ನು ಬೇಡ ಅನ್ನಲ್ಲ."

ಅಕ್ಕ ಕೊನೆಯ ಸಲ ಗುಂಡಿ ಒತ್ತಲಿಲ್ಲ. ಒತ್ತುತ್ತಾರೆ ಎಂದುಕೊಂಡು ನಾನು ಹಲ್ಲು ಕಚ್ಚಿ ನಿಂತಿದ್ದೆ. ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ಸ್ವಿಚ್ಚಿಗೆ ಕಟ್ಟಿದ್ದ ಹಳದಿ ಚೀಟಿಯ ಗಂಟಿಗೆ ಕೈ ಹಾಕಿದರು. ಭಾವ ಬಿಗಿಯಾಗಿ ಕಟ್ಟಿದ್ದರು. ಅಕ್ಕ ಉಗುರಿನಿಂದ, ಕೊನೆಗೆ ಹಲ್ಲಿನಿಂದ ಬಿಡಿಸಿದರು. ಕಟ್ಟಿದವರೇ ಬಿಚ್ಚಬೇಕೆಂಬ ನಿಯಮ ಮುರಿದದ್ದು ನಮ್ಮ ಯಾರಿಗೂ ತಪ್ಪೆನ್ನಿಸಲಿಲ್ಲ. ಚೀಟಿಯನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡರು. ಇಣುಕಮ್ಮ ಸ್ವಿಚ್ಚು ಆರಿಸಿದರು. ಅಷ್ಟು ಕಾಲ ಉರಿದಿದ್ದ ಹಸಿರು ದೀಪ ಹೋಯಿತು. ನಾನು ಅತ್ತೆ. ನಾಚಿಕೆಯೇನಿಲ್ಲ.

ಹೊಸ ಡ್ರೈವರು ಹಾಕಿ, ಪೆಟ್ಟಿಗೆ ಚಾಲೂ ಮಾಡಿ, ಭಾವನ ಲೈನನ್ನು ಮೊದಲಿನಂತೆ ನಿಲ್ಲಿಸಿ, ಆಕೆ ತಮ್ಮ ಮೇಜಿಗೆ ಹೋಗಿ ಕೂತರು. ಕೋಣೆಯ ಆ ತುದಿಯಲ್ಲಿ ಆಕೆ, ಈ ತುದಿಯಲ್ಲಿ ಅಕ್ಕ, ನಡುವೆ ನಾವೆಲ್ಲ ಕೆಲಸ ಮಾಡುವವರಂತೆ ನಟಿಸುತ್ತಿದ್ದೆವು.

ಅಕ್ಕ ಗುಂಡಿ ಒತ್ತಿದರು. "ಇದ್ದೀರಾ?"

ಏನೂ ಇಲ್ಲ. ಚಮಚದ ಸದ್ದಿಲ್ಲ, ಕೆಮ್ಮಿಲ್ಲ. ಅಕ್ಕ ಕಿವಿಯನ್ನು ಪೆಟ್ಟಿಗೆಗೆ ಹತ್ತಿರ ತಂದು ಮತ್ತೆ "ಇದ್ದೀರಾ?" ಎಂದರು. ಅಷ್ಟರಲ್ಲಿ ಕೋಣೆಯ ಆ ತುದಿಯಲ್ಲಿ ಇಣುಕಮ್ಮನ ಮೇಜಿನ ಫೋನು, ಭಾವ ಹೋದ ಮೇಲೆ ಮೊದಲ ಸಲ, ಹೊಡೆದುಕೊಂಡಿತು.

ಆಕೆ ಎತ್ತಿಕೊಂಡರು.

"ಅಕ್ಕಾ, ನಾನು. ಇಲ್ಲೇ ಇದ್ದೀನಿ. ಬಂದೆ, ಇರು."

ಪೆಟ್ಟಿಗೆಯೊಳಗಿಂದ ಬಂದ ದನಿಗೆ ಅಕ್ಕ ಬೆಚ್ಚಿ ತಲೆ ಎತ್ತಿದರು. ಇಣುಕಮ್ಮ ಫೋನು ಕೆಳಗಿಟ್ಟು, ಮೇಜುಗಳ ಸಂದಿಯಲ್ಲಿ ದಾಟಿಕೊಂಡು, ನಡೆದು ಬಂದೇಬಿಟ್ಟರು.

"ಊಟ ಆಯ್ತಾ?" ಎಂದು ಕೇಳಿದರು.

"ಎಲ್ಲಿ ಆಯ್ತು" ಎಂದರು ಅಕ್ಕ. ಇಬ್ಬರೂ ಅದೇ ಬೆಂಚಿನ ಮೇಲೆ ಡಬ್ಬಿ ತೆಗೆದು ಹಂಚಿಕೊಂಡು ತಿಂದರು.